ಶಾಲಿಗೆ ಅರ್ಥವಿಲ್ಲವಂತೆ

ನಮ್ಮ ಡೆಟ್ರಾಯಿಟ್ ಕಡೆಯ ಕನ್ನಡ ಸಂಘದವರಿಗೆ ಶಾಲಿನ ಹುಚ್ಚು. ವೇದಿಕೆ ಹತ್ತಿದವರಿಗೆಲ್ಲ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಡಲೇಬೇಕು. ಪಾರ್ಕಿಂಗ್ ನೋಡಿಕೊಂಡವನಿಗೂ ಒಮ್ಮೆ ಹೊದಿಸಿದ್ದಾರೆ. ಹಾಳಾಗಲಿ ಎಂದು ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಈ ರಾಜ್ಯೋತ್ಸವದಲ್ಲಿ ಅಧ್ಯಕ್ಷ ಬಸಯ್ಯ ಅಂಕಲ್ ಶಾಲು ಹೊದಿಸಿದ್ದು ಸಿಲ್ವರ್ ಲ್ಯಾಂಟರ್ನ್ ಟಿವಿಯ ಡೈರೆಕ್ಟರಿಗೆ. ಚೀನಾ ಸರ್ಕಾರವೇ ನಡೆಸುವ, ಚೀನೀ ಭಾಷೆಯ ಸ್ಯಾಟಲೈಟ್ ಚಾನೆಲ್ ಅದು. ಮಕ್ಕಳ ಕೋಲಾಟ ತೋರಿಸುತ್ತೇವೆ ಎಂದು ಕ್ಯಾಮೆರಾ ಹೊತ್ತು ಬಂದರು. ನಮ್ಮವರು ಹಲ್ಲು ಕಿರಿದು ನಿಂತರು.

ಸೋಮವಾರ ವಾರೆನ್ ಊರಿನ ನನ್ನ ಆಫೀಸಿನಲ್ಲಿ ಫಾಂಗ್ ಊಟಕ್ಕೆ ಬರಲಿಲ್ಲ. ಪಕ್ಕದ ಡೆಸ್ಕಿನವಳು, ನನ್ನ ಜೋಳದ ರೊಟ್ಟಿಯಲ್ಲಿ ಹಕ್ಕಿನಿಂದ ಪಾಲು ಕೇಳುವವಳು. ಅವಳ ತಮ್ಮ ಚೀನಾದಲ್ಲಿ ವಕೀಲ. ಕೆಲಸ ಕಳೆದುಕೊಂಡ ಕಾರ್ಮಿಕರ ಪರ ವಾದಿಸಿದ್ದಕ್ಕೆ ಅವನನ್ನು ಹಿಡಿದು ಒಳಗೆ ಹಾಕಿದ್ದಾರೆ. ವಿಚಾರಣೆಗೂ ಮೊದಲೇ ಇದೇ ಚಾನೆಲ್ ಅವನನ್ನು ಕ್ಯಾಮೆರಾ ಮುಂದೆ ಕೂರಿಸಿ, 'ನಾನು ದೇಶದ್ರೋಹಿ' ಎಂದು ಓದಿಸಿತು. ಅಂದಿನಿಂದ ಫಾಂಗ್ ಬೈಯುತ್ತಲೇ ಆ ಚಾನೆಲ್ ನೋಡುತ್ತಾಳೆ, ತಮ್ಮನ ಮುಖ ಇನ್ನೊಮ್ಮೆ ಕಂಡೀತೆಂದು.

ಕಂಡಿತ್ತು. ನಾನೇ ಅವಳ ಬಳಿ ಹೋದಾಗ ಫೋನಿನಲ್ಲಿ ತೋರಿಸಿದಳು. ಮೊದಲು ಆ ಹುಡುಗ, ಕೆನ್ನೆ ಬತ್ತಿಹೋಗಿ, ತಲೆ ಎತ್ತದೆ ಓದುತ್ತಿದ್ದಾನೆ. ಅದರ ಹಿಂದೆಯೇ ನಮ್ಮ ಬಸಯ್ಯ ಅಂಕಲ್ ಶಾಲು ಹೊದಿಸುತ್ತಿದ್ದಾರೆ. ಕೋಲಾಟದ ಸುಳಿವೇ ಇಲ್ಲ.

"ಏನ್ ಹೇಳ್ತಿದಾರೆ?" ಎಂದೆ.

"ದ್ರೋಹಿಗಳ ಬಣ್ಣ ಬಯಲು ಮಾಡಿದ್ದಕ್ಕೆ ಅಮೆರಿಕದ ಭಾರತೀಯರು ಈ ಚಾನೆಲ್‌ಗೆ ಸನ್ಮಾನ ಮಾಡಿದರು ಅಂತ." ಅವಳು ಫೋನು ಮಗುಚಿಟ್ಟಳು. "ಅಮ್ಮ ಊರಲ್ಲಿ ನೋಡಿದಾಳೆ. ಹೊರದೇಶದವರೇ ಹಾಗಂದ್ರೆ ನನ್ನ ಮಗ ತಪ್ಪು ಮಾಡಿರಬೇಕು ಅಂತಾಳೆ. ಪ್ರಭಾ, ಅದು ಸುಳ್ಳು ಅಂತ ನಿಮ್ಮವರು ಒಂದ್ಸಲ ಹೇಳ್ಲಿ. ಅಮ್ಮನಿಗೆ ತೋರಿಸ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸಂಜೆ ನೇರ ಬಸಯ್ಯ ಅಂಕಲ್ ಮನೆಗೆ ಡ್ರೈವ್ ಮಾಡಿದೆ. ನಮ್ಮ ಗದಗಿನವರೇ, ರಿಟೈರಾದ ಡಾಕ್ಟರು. ಚಾನೆಲ್ ಮಾಡಿದ್ದನ್ನೆಲ್ಲ ಹೇಳಿದೆ.

"ಏ ತಂಗಿ, ನಾವು ಬಂದವ್ರಿಗೆಲ್ಲಾ ಶಾಲು ಹಾಕತೀವಿ. ಅದಕ್ಕೇನ್ ಅರ್ಥ ಇರೂದಿಲ್ಲ," ಎಂದರು. "ಅವ್ರ ರಾಜಕೀಯ ನಮಗ್ಯಾಕ ಬೇಕು? ಸಂಕ್ರಾಂತಿಗೂ ಬರತೀವಿ ಅಂದಾರ. ಸುಮ್ನಿರು."

"ಅಲ್ಲೆ ಒಬ್ಬಾಕಿ ತಾಯಿ ತನ್ನ ಮಗನ್ನ ನಂಬೂದು ಬಿಡಾಕತ್ಯಾಳ್ರಿ ಅಂಕಲ್! ಒಂದು ಮಾತು ಹೇಳಾಕ ನಿಮಗೇನ್ ಕಷ್ಟ?"

"ನೋಡೂಣು," ಎಂದರು. ನೋಡಲಿಲ್ಲ. ಆಮೇಲೆ ನನ್ನ ಫೋನನ್ನೂ ಎತ್ತಲಿಲ್ಲ. ಬದಲಿಗೆ ಸಂಕ್ರಾಂತಿಯ ಸನ್ಮಾನಕ್ಕೆ ನನ್ನ ಹೆಸರನ್ನೇ ಹಾಕಿದರು, ಶನಿವಾರದ ಕನ್ನಡ ಶಾಲೆಯಲ್ಲಿ ಪಾಠ ಮಾಡುತ್ತೇನಲ್ಲ, ಅದಕ್ಕೆ. ಬಾಯಿ ಮುಚ್ಚಿಸುವ ಉಪಾಯ ಎಂದು ಗೊತ್ತಾಗದಷ್ಟು ದಡ್ಡಿಯೇ ನಾನು? ಆದರೂ ಒಪ್ಪಿಕೊಂಡೆ. ಫಾಂಗ್‌ಳನ್ನೂ ಕರೆದೆ.

ಸಂಕ್ರಾಂತಿಯಂದು ಚಾನೆಲ್ಲಿನವರು ಮುಂದೆಯೇ ಕ್ಯಾಮೆರಾ ಇಟ್ಟುಕೊಂಡಿದ್ದರು. ಬಸಯ್ಯ ಅಂಕಲ್ ಶಾಲು ಬಿಚ್ಚಿಕೊಂಡು ನನ್ನತ್ತ ಬಂದಾಗ ನಾನು ಮೈಕು ಎತ್ತಿಕೊಂಡೆ.

"ಹೇಳ್ರಿ ಅಂಕಲ್, ಇದಕ್ಕರೆ ಅರ್ಥ ಅದನೋ ಇಲ್ಲೋ?"

ಜನ ನಕ್ಕರು. ಅವರೂ ನಕ್ಕರು. "ಇಲ್ಲದೇನು! ಭಾಳ ದೊಡ್ಡ ಅರ್ಥ ಅದ."

"ಹಂಗಾದ್ರ ರಾಜ್ಯೋತ್ಸವದಾಗ ಹಾಕಿದ್ದಕ್ಕ?"

ನಗು ನಿಂತಿತು. "ಮೈಕ್ ಕೊಡು," ಎಂದರು ಮೆಲ್ಲಗೆ. ಕೊಡಲಿಲ್ಲ. ಫಾಂಗ್‌ಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದೆ. ಅವಳ ತಮ್ಮ ದ್ರೋಹಿಯಲ್ಲ. ನಮ್ಮ ಶಾಲನ್ನು ಅವನ ಮೇಲಿನ ತೀರ್ಪು ಎಂಬಂತೆ ತೋರಿಸಿದ್ದು ಹಸಿ ಸುಳ್ಳು. ಅದು ಗೊತ್ತಿದ್ದೂ ಸುಮ್ಮನಿದ್ದ ಸಂಘದ ಶಾಲು ನನಗೆ ಬೇಡ.

ಚಾನೆಲ್ಲಿನವನು ಕ್ಯಾಮೆರಾ ಆಫ್ ಮಾಡಿದ. ಬಸಯ್ಯ ಅಂಕಲ್ ಬಿಚ್ಚಿದ ಶಾಲು ಹಿಡಿದುಕೊಂಡೇ ನಿಂತಿದ್ದರು. ಕೊನೆಯ ಸಾಲಿನಲ್ಲಿ ಫಾಂಗ್ ಎದ್ದು ನಿಂತು, ಎರಡೂ ಕೈಯಲ್ಲಿ ಫೋನು ಎತ್ತಿ ಹಿಡಿದು, ಅಮ್ಮನಿಗೆ ತೋರಿಸಲು ವಿಡಿಯೊ ಮಾಡುತ್ತಿದ್ದಳು.