ಪರೀಕ್ಷೆಗೆ ಬಾರದ ಹುಡುಗಿಯರು

ರಾಮಲಕ್ಷ್ಮಮ್ಮ ಗಣಿತದ ಟೀಚರಾಗಿ ಕಲ್ಲೇನಹಳ್ಳಿಯ ಸರ್ಕಾರಿ ಹೈಸ್ಕೂಲಿಗೆ ಬಂದ ವರ್ಷವೇ ಆ ಶಾಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಸುತ್ತಲಿನ ಶಾಲೆಗಳಲ್ಲೆಲ್ಲ ಕೊನೆಗೆ ಬಿದ್ದಿತ್ತು. ತುಮಕೂರಿನ ಮೀಟಿಂಗಿನಲ್ಲಿ ಎಲ್ಲರೆದುರು ಬೈಸಿಕೊಂಡು ಬಂದ ಹೆಡ್‌ಮಾಸ್ತರು ಗಂಗಾಧರಯ್ಯನವರು ಸ್ಟಾಫ್ ರೂಮಿನಲ್ಲಿ ಕುರ್ಚಿಗೆ ಒರಗಿ ಕೂತರು. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ ಶುರು ಮಾಡಿದರು. ತೋಟವಿರುವವರ ಗಂಡುಮಕ್ಕಳು ಹೇಗೋ ಪಾಸಾಗುತ್ತಾರೆ. ಕುರಿ ಕಾಯುವವರ, ಕಾಯಿ ಸುಲಿಯುವವರ ಮಕ್ಕಳು ಅರ್ಧಕ್ಕರ್ಧ ಗೋತಾ ಹೊಡೆಯುತ್ತಾರೆ. ಹೆಣ್ಣುಮಕ್ಕಳಂತೂ ಹಾಲ್ ಟಿಕೆಟ್ ಈಸಿಕೊಂಡು ಹೋಗಿ ಪರೀಕ್ಷೆಯ ದಿನ ಪತ್ತೆಯೇ ಇರುವುದಿಲ್ಲ. ಓದು ಹತ್ತದ ಜನ, ನಾವೇನು ಮಾಡಲಾದೀತು ಎಂದು ಅವರು ಎದ್ದು ಹೋದರು.

ರಾಮಲಕ್ಷ್ಮಮ್ಮನಿಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಹತ್ತನೇ ತರಗತಿಯ ಹುಡುಗಿಯರ ಬೆಂಚಿನಲ್ಲಿ ಓಬಮ್ಮ ಎಂಬವಳಿದ್ದಳು. ಊರಾಚೆಯ ಕಾಲೋನಿಯ ದುರ್ಗಯ್ಯನ ಮಗಳು. ಬೋರ್ಡಿನ ಮೇಲೆ ರೇಖಾಗಣಿತದ ಚಿತ್ರ ಬರೆದು ಕೈಯ ಸೀಮೆಸುಣ್ಣದ ಪುಡಿ ಒರೆಸಿಕೊಳ್ಳುವಷ್ಟರಲ್ಲಿ ಆ ಹುಡುಗಿ ಸಾಧನೆಯನ್ನು ಬರೆದು ಮುಗಿಸಿರುತ್ತಿದ್ದಳು. ಇವಳಿಗೆ ಓದು ಹತ್ತದು ಎಂದರೆ ಇನ್ನಾರಿಗೆ ಹತ್ತೀತು?

ದಸರಾ ರಜದಲ್ಲಿ ರಾಮಲಕ್ಷ್ಮಮ್ಮ ತನ್ನೂರಿಗೆ ಹೋಗದೆ ಹುಡುಗಿಯರ ಮನೆ ಮನೆ ತಿರುಗಿದಳು. ಮದುವೆಯ ಮಾತು, ಮನೆಗೆಲಸದ ಮಾತು ಕೇಳಿಬರುತ್ತದೆ ಎಂದುಕೊಂಡಿದ್ದಳು. ಅದೂ ಇಲ್ಲದಿರಲಿಲ್ಲ. ಆದರೆ ಎಲ್ಲ ಮನೆಯಲ್ಲೂ ಕೊನೆಗೆ ಬಂದು ನಿಲ್ಲುತ್ತಿದ್ದ ಮಾತು ಒಂದೇ. ಪರೀಕ್ಷೆ ನಡೆಯುವುದು ಚಿಕ್ಕನಾಯಕನಹಳ್ಳಿಯಲ್ಲಿ. ಹಳ್ಳಿಯ ಮೊದಲ ಬಸ್ಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಪ್ರಶ್ನೆಪತ್ರಿಕೆ ಕೊಟ್ಟು ಆಗಿರುತ್ತದೆ. ಗಂಡುಹುಡುಗರು ಹಾಸ್ಟೆಲಿನಲ್ಲೋ ನೆಂಟರ ಜಗಲಿಯಲ್ಲೋ ಬಿದ್ದುಕೊಳ್ಳುತ್ತಾರೆ. ತೋಟದವರಿಗೆ ಟೌನಿನಲ್ಲಿ ನೆಂಟರಿದ್ದಾರೆ, ಆದರೂ ಬೆಳೆದ ಹುಡುಗಿಯನ್ನು ಅಷ್ಟು ದಿನ ಒಬ್ಬಳನ್ನೇ ಬಿಡಲಾರರು. ಕಾಲೋನಿಯವರಿಗೆ ನೆಂಟರೂ ಇಲ್ಲ.

ದುರ್ಗಯ್ಯ ಮನೆಯ ಮುಂದೆ ಕಾಯಿ ಸುಲಿಯುತ್ತಿದ್ದವನು ಎದ್ದು ನಿಂತು ಹೇಳಿದ. "ಓದ್ಸಾಕೆ ನಂಗೇನ್ ಬ್ಯಾಸ್ರಿಲ್ಲ ಕಣವ್ವ. ಹೊತ್ ಮುಳುಗಿದ್ ಮ್ಯಾಲೆ ನನ್ ಮಗ್ಳು ಎಲ್ಲಿರ್ತಾಳೆ ಅಂತ ಯಾರಾನ ಒಬ್ರು ಹೇಳಿ. ನಾನೇ ಕರ್ಕಂಡ್ ಬಂದು ಬುಟ್ಟೋಯ್ತೀನಿ."

ಈ ಮಾತನ್ನು ಆಕೆ ಇದ್ದ ಹಾಗೆಯೇ ಹೆಡ್‌ಮಾಸ್ತರಿಗೆ ಒಪ್ಪಿಸಿದಳು. ಗಂಗಾಧರಯ್ಯ ಕೆಟ್ಟ ಮನುಷ್ಯರಲ್ಲ, ಸೋತು ಸುಸ್ತಾದವರು. ಇಷ್ಟು ವರ್ಷ ಇದನ್ನು ಯಾರ ಮನೆ ಬಾಗಿಲಿಗೂ ಹೋಗಿ ತಾವು ಕೇಳಲಿಲ್ಲವಲ್ಲ ಎಂದರು. ಅವರ ಸೋದರತ್ತೆ ಹುಚ್ಚಕ್ಕನ ಮನೆ ಚಿಕ್ಕನಾಯಕನಹಳ್ಳಿಯಲ್ಲೇ ಇತ್ತು. ಮಗ ಕೊಬ್ಬರಿ ವ್ಯಾಪಾರಿ, ಅಟ್ಟದ ತುಂಬ ಕಾಯಿ, ಕೆಳಗೆ ಉದ್ದದ ಹಜಾರ. ಪರೀಕ್ಷೆಯ ದಿನಗಳಲ್ಲಿ ಹುಡುಗಿಯರಿಗೆ ಅಲ್ಲಿ ಜಾಗ ಕೇಳಲು ಭಾನುವಾರ ಇಬ್ಬರೂ ಹೋದರು.

ಹುಚ್ಚಕ್ಕ ಎಲೆಅಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು. ಎಷ್ಟು ಮಂದಿ, ಏನು ಉಣ್ಣುತ್ತಾರೆ ಎಂದು ವಿಚಾರಿಸಿದಳು. ಯಾರ್ಯಾರ ಮಕ್ಕಳು ಎಂದೂ ಕೇಳಿದಳು. ರಾಮಲಕ್ಷ್ಮಮ್ಮ ಏನನ್ನೂ ಮುಚ್ಚಿಡಲಿಲ್ಲ, ಓಬಮ್ಮ ಕಾಲೋನಿಯವಳೆಂದು ಮೊದಲೇ ಹೇಳಿದಳು. ಮುದುಕಿ ಬಾಯಲ್ಲಿದ್ದುದನ್ನು ಉಗಿದು ಬಂದು, "ಪರೀಕ್ಷೆ ಬರಿಯಾಕೆ ಬರ್ತಾವೆ, ನೆಂಟಸ್ತನಕ್ಕಲ್ಲ. ಬರ್ಲಿ ಬುಡು," ಎಂದಳು. ಸೊಸೆ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದದ್ದನ್ನು ಟೀಚರು ಕಂಡೂ ಕಾಣದಂತಿದ್ದಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಹುಡುಗಿಯರೆಲ್ಲ ಟೀಚರ ಜೊತೆ ಬಸ್ಸಿಳಿದರು. ಎಲ್ಲರ ಕೈಯಲ್ಲೂ ರಾಗಿಹಿಟ್ಟಿನ ಚೀಲ, ಕಂಕುಳಲ್ಲಿ ಪುಸ್ತಕ. ಮಾತು ಕೊಟ್ಟಂತೆ ದುರ್ಗಯ್ಯನೂ ಬಂದಿದ್ದ. ಮನೆಯನ್ನು ದೂರದಿಂದಲೇ ನೋಡಿ, ಟೀಚರಿಗೆ ಕೈಮುಗಿದು, ಅದೇ ಬಸ್ಸಿನಲ್ಲಿ ಹಿಂದಕ್ಕೆ ಹೋದ.

ಸಂಜೆ ದೀಪ ಹಾಕುತ್ತಲೇ ಊಟಕ್ಕೆ ಕರೆದರು. ಹಜಾರದಲ್ಲಿ ಸಾಲಾಗಿ ಮುತ್ತುಗದ ಎಲೆ ಹಾಕಿತ್ತು. ಒಂದು ಎಲೆ ಮಾತ್ರ ಹಿತ್ತಲ ಬಾಗಿಲಾಚೆ, ಬಚ್ಚಲ ಪಕ್ಕದ ಕಲ್ಲಿನ ಮೇಲೆ. ಯಾರೂ ಏನೂ ಹೇಳಬೇಕಾಗಿರಲಿಲ್ಲ. ಓಬಮ್ಮ ತಲೆ ತಗ್ಗಿಸಿಕೊಂಡು ಹೋಗಿ ಅಲ್ಲಿ ಕೂತಳು.

ಕೂರಲು ಹೊರಟಿದ್ದ ರಾಮಲಕ್ಷ್ಮಮ್ಮ ತನ್ನ ಎಲೆಯ ಮುಂದೆಯೇ ನಿಂತಳು. ಬಾಯಿ ಬಿಟ್ಟರೆ ಸೊಸೆ ಸಿಡಿಯುತ್ತಾಳೆ, ಮನೆ ಕೈತಪ್ಪುತ್ತದೆ, ನಾಳೆ ಬೆಳಿಗ್ಗೆ ಇಷ್ಟೂ ಹುಡುಗಿಯರು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಬಾಯಿ ಬಿಡದಿದ್ದರೆ ಆ ಮಗು ಇದನ್ನು ನುಂಗಿಕೊಂಡೇ ನಾಳೆ ಪರೀಕ್ಷೆಗೆ ಕೂರಬೇಕು. ಏನು ಮಾಡಲೂ ತೋಚದೆ ಆಕೆ ನಿಂತೇ ಇದ್ದಳು.

ಅಷ್ಟರಲ್ಲಿ ಚಿಕ್ಕಗೌರಮ್ಮ ಎದ್ದಳು. ತೋಟದ ಮನೆ ಈರಣ್ಣನ ಮಗಳು, ತರಗತಿಯಲ್ಲಿ ಮಹಾ ಮಾತುಗಾರ್ತಿ. ಮುದ್ದೆ ಬಡಿಸಿದ್ದ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹಿತ್ತಲಿಗೆ ನಡೆದು ಓಬಮ್ಮನ ಪಕ್ಕ ಕೂತಳು. ಅವಳ ಹಿಂದೆ ಇನ್ನೊಬ್ಬಳು ಹೋದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದರು. ಕಡೆಗೆ ಟೀಚರೂ ತನ್ನ ಎಲೆ ಹಿಡಿದು ಹೊರಟಳು.

ಸಾರಿನ ಪಾತ್ರೆ ಹಿಡಿದು ಬಂದ ಹುಚ್ಚಕ್ಕನಿಗೆ ಬರಿದಾದ ಹಜಾರ ಕಂಡಿತು. ಸೊಸೆ ಬಾಗಿಲ ಸಂದಿಯಿಂದ, ಇದೇನತ್ತೆ ಇವರ ಆಟ ಎಂದು ಗೊಣಗಿದಳು. ಮುದುಕಿ ಪಾತ್ರೆ ಕೆಳಗಿಟ್ಟು ಹಿತ್ತಲ ಹೊಸಿಲಿಗೆ ಬಂದು ಕತ್ತಲಲ್ಲಿ ಒತ್ತಿಕೊಂಡು ಕೂತ ಹುಡುಗಿಯರನ್ನು ನೋಡಿದಳು.

"ಕತ್ಲಾಗೆ ಮುದ್ದೆ ಎಲ್ಲೈತೆ, ಬಾಯಿ ಎಲ್ಲೈತೆ ಅಂತ ಹುಡುಕ್ತೀರೇನ್ರೇ? ಒಳಿಕ್ ಬನ್ನಿ. ಎಲ್ಲಾರೂ." ಯಾರೂ ಏಳಲಿಲ್ಲ. ಆಗ ಆಕೆ ಬಗ್ಗಿ ಓಬಮ್ಮನ ಎಲೆಯನ್ನು ತಾನೇ ಎತ್ತಿಕೊಂಡಳು. "ಏಳವ್ವ. ಸಾರು ಆರೋಯ್ತದೆ."

ಆ ಎಲೆಯನ್ನು ಆಕೆ ಹಜಾರದ ದೀಪದ ಕೆಳಗೆ ಇಟ್ಟಳು. ಹುಡುಗಿಯರೆಲ್ಲ ಅದರ ಅಕ್ಕಪಕ್ಕ ಬಂದು ಕೂತರು. ಸೊಸೆ ಅಂದು ಹೊರಗೆ ಬರಲಿಲ್ಲ, ಬಡಿಸಿದ್ದೆಲ್ಲ ಮುದುಕಿಯೇ. ಆದರೆ ಗಣಿತದ ಪರೀಕ್ಷೆಯ ಬೆಳಿಗ್ಗೆ ಅದೇ ಸೊಸೆ ಎಲ್ಲರಿಗೂ ತಲೆ ಬಾಚಿ, ಓಬಮ್ಮನ ಜಡೆಗೂ ತನ್ನದೇ ಒಂದು ಟೇಪು ಕಟ್ಟಿ ಕಳಿಸಿದಳು.

ಫಲಿತಾಂಶ ಬಂದಾಗ ಓಬಮ್ಮ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿದ್ದಳು. ಆ ಶಾಲೆಯ ಹುಡುಗಿಯೊಬ್ಬಳಿಗೆ ಫಸ್ಟ್ ಕ್ಲಾಸ್ ಬಂದದ್ದು ಅದೇ ಮೊದಲು. ಉಳಿದ ಹುಡುಗಿಯರಲ್ಲೂ ಹೆಚ್ಚಿನವರು ದಾಟಿಕೊಂಡಿದ್ದರು. ಗಂಗಾಧರಯ್ಯನವರು ಮೀಟಿಂಗಿನಿಂದ ಬಂದವರೇ ಸ್ಟಾಫ್ ರೂಮಿಗೆಲ್ಲ ಕಾಫಿ ತರಿಸಿ, ಓದು ಹತ್ತದ ಜನ ಎಂದಿದ್ದ ತಮ್ಮ ಮಾತನ್ನು ಎಲ್ಲರೆದುರು ಹಿಂದಕ್ಕೆ ತೆಗೆದುಕೊಂಡರು. ದುರ್ಗಯ್ಯ ಒಂದು ಗೊನೆ ಎಳನೀರು ಹೊತ್ತು ತಂದು ಶಾಲೆಯ ಮೆಟ್ಟಿಲ ಮೇಲಿಟ್ಟ. ಅರ್ಧ ಹುಚ್ಚಕ್ಕಮ್ಮನಿಗೆ ಮುಟ್ಟಿಸಬೇಕು ಎಂದಷ್ಟೇ ಹೇಳಿದ. ಅದನ್ನು ಒಯ್ದು ಕೊಟ್ಟಾಗ ಮುದುಕಿ, ಬರುವ ವರ್ಷ ಎಷ್ಟು ಮಂದಿ ಎಂದು ಕೇಳಿದಳು.

ಚಿಕ್ಕಗೌರಮ್ಮ ಮಾತ್ರ ಇಂಗ್ಲಿಷಿನಲ್ಲಿ ಗೋತಾ ಹೊಡೆದಿದ್ದಳು. ರಾಮಲಕ್ಷ್ಮಮ್ಮ ಅವಳನ್ನು ಹುಡುಕಿಕೊಂಡು ಈರಣ್ಣನ ತೋಟಕ್ಕೆ ಹೋದಳು. ಹುಡುಗಿ ಕಪಿಲೆ ಬಾವಿಯ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು, ಬೈಯಲು ಬಂದಿದ್ದಾರೆ ಎಂದುಕೊಂಡು ಎದ್ದು ನಿಂತಳು. ಟೀಚರು ಪಕ್ಕದಲ್ಲಿ ಕೂತು, ಹುಚ್ಚಕ್ಕನ ಮನೆಯ ಆ ಸಂಜೆಯ ಮಾತೆತ್ತಿದಳು. ನಾನು ಏನು ಮಾಡಲೂ ತೋಚದೆ ನಿಂತಿದ್ದಾಗ ನೀನು ಎದ್ದು ಹೋದೆಯಲ್ಲ, ಅದಕ್ಕೆ ನಿನಗೆ ಕೈಮುಗಿದು ಹೋಗೋಣ ಎಂದು ಬಂದೆ ಎಂದಳು.

ಹುಡುಗಿ ಕಣ್ಣೊರೆಸಿಕೊಂಡು ಅಚ್ಚರಿಯಿಂದ ನೋಡಿದಳು. "ಅದ್ಕೇನು ಮಿಸ್? ದಿನಾ ಒಂದೇ ಬೆಂಚಲ್ಲಿ ಕೂರ್ತೀವಿ. ಅವತ್ತೊಂದಿನ ಅವಳ್ನ ಬುಟ್ಟು ಹೆಂಗ್ ಉಣ್ಣಾದು?"

ಇಂಥ ಮಕ್ಕಳ ಮುಂದೆ ದಿನಾ ನಿಲ್ಲುವ ಕೆಲಸ ತನಗೆ ಸಿಕ್ಕಿತಲ್ಲ ಎಂದು ರಾಮಲಕ್ಷ್ಮಮ್ಮನಿಗೆ ಕಣ್ಣು ತುಂಬಿ ಬಂತು. ಸೆರಗಿನಿಂದ ಒತ್ತಿಕೊಂಡು, ಇಂಗ್ಲಿಷ್ ಪುಸ್ತಕ ತಗೊಂಡು ಬಾ ಎಂದಳು. ತೆಂಗಿನ ನೆರಳಲ್ಲಿ ಅಂದೇ ಮೊದಲ ಪಾಠ ಶುರುವಾಯಿತು. ಅಕ್ಟೋಬರಿನ ಮರುಪರೀಕ್ಷೆಗೆ ಚಿಕ್ಕಗೌರಮ್ಮ ಮತ್ತೆ ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿದಳು, ಪಾಸೂ ಆದಳು.