ಸಾಯ್ರಕಾನಳ ನೆಪಗಳು

ಗುಡಾರದೊಳಗೆ ಸಾಯ್ರಕಾನಳ ಹೆಣದ ಬಳಿ ಹೆಂಗಸರು ರಾಗ ತೆಗೆದು ಅಳುತ್ತಿದ್ದಂತೆಯೇ ಸೊಸೆ ಉಲ್ಕಾನ್ ಎದ್ದು ಹೊರಗೋಡಿದಳು.

"ಬೇಗಾಯಿಮ್ ಎಲ್ಲಿ? ನನ್ನ ಮಗಳನ್ನ ಯಾರಾದ್ರೂ ನೋಡಿದ್ರಾ?"

ಸಾವಿನೂಟಕ್ಕೆ ಕುದುರೆ ಮಾಂಸ ಹೆಚ್ಚುತ್ತಿದ್ದ ಗಂಡಸರು ತಲೆಯೆತ್ತಿದರು. ಚಹಾ ಕಾಯಿಸುವ ಸಮೋವರಿಗೆ ಕೆಂಡ ಹಾಕುತ್ತಿದ್ದ ನೆರೆಮನೆಯ ಬಾತ್ಮಾ, "ಇಲ್ಲೇ ಎಲ್ಲೋ ಆಡ್ತಿರ್ಬೇಕು ಬಿಡೇ," ಎಂದಳು.

"ಅಜ್ಜಿ ಸತ್ತ ದಿನ ಆಡೋ ಮಗುನಾ ಅದು?"

ಕೊಟ್ಟಿಗೆಯಲ್ಲಿರಲಿಲ್ಲ. ಹುಲ್ಲಿನ ಮೆದೆಯ ಹಿಂದೆಯೂ ಇರಲಿಲ್ಲ. ಹಿಮ ಕರಗುವ ಕಾಲ. ಹೊಳೆಯ ಮೊರೆತ ಅಂಗಳಕ್ಕೇ ಕೇಳುತ್ತಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಸಾವಿಗೆಂದು ಶಾಲೆಗೆ ರಜೆ ಕೊಟ್ಟು ಬಂದಿದ್ದ ತೊಕ್ತೊಸುನ್ ಮೇಷ್ಟ್ರು ಮಾತ್ರ ಟೋಪಿ ಸರಿಮಾಡಿಕೊಂಡು ಇಳಿಜಾರಿನತ್ತ ಓಡಿದರು.

*

ಇಂಥದೇ ವಸಂತದಲ್ಲಿ ಸಾಯ್ರಕಾನಳ ಹಿರಿಮಗ ಮೆದೆರ್ ಶಾಲೆಗೆ ಹೊರಟವನು ಮರದ ಸೇತುವೆಯ ಜೊತೆಗೇ ಕೊಚ್ಚಿಹೋಗಿದ್ದ. ಆಮೇಲೆ ಕಬ್ಬಿಣದ ಸೇತುವೆ ಬಂತು. ವರ್ಷಗಳುರುಳಿ ಮೊಮ್ಮಗಳು ಬೇಗಾಯಿಮ್ ಶಾಲೆ ಸೇರಿದಳು. ಉಲ್ಕಾನ್ ನಾರಿನ್ ಪೇಟೆಯ ಬೇಕರಿ ಕೆಲಸಕ್ಕೆ ನಸುಕಿನಲ್ಲೇ ಹೊರಡುವವಳು. ಮಗುವನ್ನು ಕಳಿಸಬೇಕಾದವಳು ಅಜ್ಜಿ. ಹೊಳೆ ಏರಿದ ದಿನಗಳಲ್ಲಿ ಅವಳು ಕಳಿಸುತ್ತಿರಲಿಲ್ಲ. ಮೇಷ್ಟ್ರು ವಿಚಾರಿಸಲು ಬರುತ್ತಿದ್ದರು.

"ಇವತ್ತೇನಜ್ಜಿ?"

"ಕೆಮ್ಮು ಕಣಪ್ಪಾ."

"ಮೊನ್ನೆ ಹಲ್ಲುನೋವು ಅಂದ್ರಿ."

"ಅದೇ ಗಂಟಲಿಗೆ ಇಳೀತು."

ಒಳಗೆ ಬೇಗಾಯಿಮ್ ಕಿಸಕ್ಕನೆ ನಕ್ಕಳು. ಮೇಷ್ಟ್ರಿಗೆ ನಗು ಬರಲಿಲ್ಲ. ಮೆದೆರ್ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ.

"ಅಜ್ಜಿ, ನಾನೇ ಬಂದು ಕೈ ಹಿಡಿದು ದಾಟಿಸ್ತೀನಿ."

ಸಾಯ್ರಕಾನ್ ಅವರ ಕೈಗಳನ್ನೇ ನೋಡಿದಳು.

"ಜಾರಿದ್ರೆ?" ಎಂದಳು.

*

ಉಲ್ಕಾನ್ ಸೇತುವೆಯ ನಡುವೆ ನಿಂತು ಕೆಳಗೆ ನೋಡಿದಳು. ಕೆಂಪು ನೀರು ಒಂದು ಮರವನ್ನು ಬೇರುಸಹಿತ ಹೊತ್ತೊಯ್ಯುತ್ತಿತ್ತು. ಮಗಳ ಹೆಸರು ಕೂಗಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಆಚೆ ದಡದಿಂದ ಮೇಷ್ಟ್ರು ಎರಡೂ ಕೈ ಬೀಸುತ್ತಿದ್ದರು.

ಬೀಗ ಹಾಕಿದ ಶಾಲೆಯ ಮೆಟ್ಟಿಲ ಮೇಲೆ ಬೇಗಾಯಿಮ್ ಕುಳಿತಿದ್ದಳು.

"ಯಾರಿಗೆ ಹೇಳಿ ಬಂದ್ಯೇ ಇಲ್ಲಿಗೆ?"

"ಇನ್ನು ಅಜ್ಜಿಗೆ ಭಯ ಆಗಲ್ವಲ್ಲಮ್ಮ," ಎಂದಳು ಮಗು. "ಅದಕ್ಕೇ ಬಂದೆ."

ಉಲ್ಕಾನ್ ಹೊಡೆಯಲು ಎತ್ತಿದ ಕೈಯಿಂದಲೇ ಮಗಳನ್ನು ಎಳೆದು ಅಪ್ಪಿಕೊಂಡಳು. ಮೇಷ್ಟ್ರು ಸ್ವಲ್ಪ ದೂರ ಹೋಗಿ ನಿಂತು ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು:

"ಶೋಕದ ದಿನ ಕಳೆದ ಮೇಲೆ ಕಳಿಸ್ತೀಯಲ್ಲಮ್ಮಾ?"

ಉಲ್ಕಾನ್ ಹೊಳೆಯತ್ತ ತಿರುಗಿದಳು.

"ಮೈ ಬಿಸಿ ಇದೆ ಮೇಷ್ಟ್ರೇ, ಜ್ವರ ಬರೋ ಹಾಗಿದೆ," ಎಂದಳು. ಗಾಳಿಗೆ ತಣ್ಣಗೆ ಕೊರೆಯುತ್ತಿದ್ದ ಮಗಳ ಹಣೆಯನ್ನು ಅವಳ ಅಂಗೈ ಗಟ್ಟಿಯಾಗಿ ಮುಚ್ಚಿಕೊಂಡಿತ್ತು.