ಬ್ಯಾಂಕಿನವರ ಪುಷ್ಪಚಕ್ರ

ನನ್ನ ಅಕ್ಕ ಒತಿಲಿಯಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಬ್ಯಾಂಕಿನಲ್ಲಿ, ಶನಿವಾರ ಬೆಳಗ್ಗೆ ಹತ್ತು ಗಂಟೆಗೆ. ಖಾತೆ ತೆರೆಯುವ ಅರ್ಜಿಗೆ ಕರೆಂಟ್ ಬಿಲ್ಲಿನ ಹೊಸ ಪ್ರತಿ ಕೊಡಲು ಹೋಗಿದ್ದೆ. ಮೊದಲು ಕೊಟ್ಟದ್ದು ಮೂರು ತಿಂಗಳು ದಾಟಿ ಹಳಸಿದೆ ಎಂದಿದ್ದರು. ನಾವು ಬಾಡಿಗೆಗಿದ್ದ ಮನೆಯ ಒಡತಿ ಸೆನೋಬಿಯಾ ಫೋನ್ ಮಾಡಿದಳು.

"ಎವಾರಿಸ್ತಣ್ಣ, ಇದ್ದ ಹಾಗೇ ಬಂದ್ಬಿಡು. ಅಕ್ಕ ಒಲೆ ಮುಂದೆ ಕೂತಲ್ಲೇ ಒರಗಿಬಿಟ್ಟಿದ್ಲು. ಡಾಕ್ಟ್ರು ಬಂದು ನೋಡಿದ್ರು. ಇನ್ನಿಲ್ಲ ಅಂದ್ರು."

ನಾನು ಎದ್ದು ನಿಂತೆ. ಮೇಜಿನ ಆಚೆ ಶಾಖೆಯ ಮ್ಯಾನೇಜರ್ ಫಾಬ್ರಿಸಿಯೊ ಕೂತಿದ್ದ. ಮೂವತ್ತೆರಡು ವಯಸ್ಸು, ಎಣ್ಣೆ ಮಿಂಚುವ ತಲೆ.

"ನಮ್ಮಕ್ಕ ಹೋಗ್ಬಿಟ್ಲು," ಎಂದೆ.

"ಅಯ್ಯೋ ಯಜಮಾನ್ರೇ, ತುಂಬಾ ಬೇಜಾರಾಯ್ತು," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ. ಆಮೇಲೆ ಅದೇ ಕೈಯನ್ನು ಮುಂದಕ್ಕೆ ಚಾಚಿದ. "ಹೇಗೂ ಬಂದಿದೀರಲ್ಲ, ಆ ಬಿಲ್ಲು ಕೊಟ್ಟು ಹೋಗಿ. ಇಲ್ದಿದ್ರೆ ಮತ್ತೆ ಟೋಕನ್ ತಗೋಬೇಕಾಗತ್ತೆ."

ಕೊಟ್ಟೆ. ದೇವರು ಕ್ಷಮಿಸಲಿ, ಕೊಟ್ಟೇ ಹೊರಟೆ.

ನಾವು ವೆನೆಜುವೆಲಾದ ಮೆರಿದಾ ಊರಿನವರು. ಪೆರುವಿನ ಈ ಅರೆಕಿಪಾಕ್ಕೆ ಬಂದು ಎರಡು ವರ್ಷವಾಯಿತು. ಅಲ್ಲಿ ನಾನು ಚರ್ಚಿನ ಗಂಟೆ ಬಾರಿಸುತ್ತಿದ್ದೆ. ಅಕ್ಕ ಕನ್ಯಾಮಠದ ಹಿಂದಿನ ಅಡುಗೆಮನೆಯಲ್ಲಿ ನಲವತ್ತು ವರ್ಷ ಓಸ್ತಿ ಸುಟ್ಟಳು. ಬಲಿಪೂಜೆಯಲ್ಲಿ ಭಕ್ತರ ನಾಲಗೆಯ ಮೇಲಿಡುತ್ತಾರಲ್ಲ, ಆ ತೆಳ್ಳನೆಯ ಬಿಳಿ ಬಿಲ್ಲೆ. ಸುಟ್ಟದ್ದು ಅವಳು, ರಸೀದಿ ಮಾತ್ರ ಮಠದ ಹೆಸರಿಗೆ. ಇಲ್ಲಿ ಬಂದ ಮೇಲೆ ಅವಳು ಹಟ ಹಿಡಿದಳು. "ಕಣ್ಣು ಮುಚ್ಚೋದ್ರೊಳಗೆ ಒಂದು ಸಲ ನನ್ನ ಹೆಸರಿರೋ ರಸೀದಿ ನೋಡ್ಬೇಕು ಕಣೋ. ಆಮೇಲೆ ಬೇಕಾದ್ರೆ ಹರಿದು ಬಿಸಾಕು." ಹೀಗೆ ನಮ್ಮ ಕಂಪನಿ ಹುಟ್ಟಿತು. ಹೆಸರು 'ಒತಿಲಿಯಾ ಮತ್ತು ತಮ್ಮ'. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಾನು ಒಂದು ಬೋರ್ಡಿನ ಮೇಲೆ ತಮ್ಮನಾದೆ.

ಬಿಷಪ್ಪರ ಕಚೇರಿಯ ಖಜಾಂಚಿ ಫಾದರ್ ಹಸಿಂತೊ ಅವಳ ಓಸ್ತಿಯನ್ನು ಬೆಳಕಿಗೆ ಹಿಡಿದು ನೋಡಿ, ಇಡೀ ಧರ್ಮಕ್ಷೇತ್ರದ ಚರ್ಚುಗಳಿಗೆಲ್ಲ ನೀವೇ ಮಾಡಿಕೊಡಿ ಎಂದರು. ಆದರೆ ಹಣ ಕಂಪನಿಯ ಖಾತೆಗೇ ಹೋಗಬೇಕು, ಕೈಗೆ ಕೊಡುವಂತಿಲ್ಲ. ಮುಂದಿನ ವರ್ಷ ಹಣೆಗೆ ಬೂದಿ ಹಚ್ಚುವ ವಿಭೂತಿ ಬುಧವಾರದೊಳಗೆ ಖಾತೆ ಆಗದಿದ್ದರೆ ಕೆಲಸ ಲಿಮಾದ ಕಾರ್ಖಾನೆಗೆ ಹೋಗುತ್ತದೆ ಎಂದೂ ಹೇಳಿದರು. ಆಗ ಕೈಯಲ್ಲಿ ಹದಿನಾಲ್ಕು ತಿಂಗಳಿತ್ತು. ಇಷ್ಟೊಂದು ಸಮಯವೇ ಎಂದು ನಾವು ನಕ್ಕೆವು.

ಬ್ಯಾಂಕಿಗೆ ಹೋದ ಮೊದಲ ದಿನವೇ ಫಾಬ್ರಿಸಿಯೊ ಕೇಳಿದ, "ಏನಮ್ಮ ಹಾಕ್ತೀರಿ ಇದಕ್ಕೆ?"

"ಗೋಧಿ ಹಿಟ್ಟು, ನೀರು."

"ಉಪ್ಪು, ಸಕ್ಕರೆ ಏನೂ ಇಲ್ವಾ? ರುಚಿನೇ ಇರಲ್ವಲ್ಲ. ಯಾರು ತಿಂತಾರೆ ಇದನ್ನ?"

"ನೀನು ಕೊನೇ ಸಲ ಪೂಜೆಗೆ ಹೋಗಿದ್ದು ಯಾವಾಗ ಮಗಾ?" ಎಂದಳು ಅಕ್ಕ.

ಅವನು ನಕ್ಕು 'ಬಿಸ್ಕತ್ತು, ಸಿಹಿಯಿಲ್ಲದ್ದು' ಎಂದು ಬರೆದುಕೊಂಡ.

ಹಣದ ಮೂಲ ಎಂಬ ಸಾಲಿನಲ್ಲಿ ಅಕ್ಕ ನಿಜ ಬರೆದಳು. ಅಲ್ಲೇ ಕೆಟ್ಟಿತು. ಬೇರೆಯವರೆಲ್ಲ 'ಉಳಿತಾಯ' ಎಂದು ಬರೆದು ಪಾರಾಗುತ್ತಾರೆ. ಅವಳು 'ಮೆರಿದಾದಲ್ಲಿದ್ದ ನನ್ನ ಸಮಾಧಿ ಮಾರಿದ್ದು' ಎಂದು ಬರೆದಳು. ಊರು ಬಿಡುವ ನಮ್ಮವರು ಕೊನೆಗೆ ಮಾರುವುದು ಅದನ್ನೇ, ಮುಂಗಡವಾಗಿ ಕೊಂಡಿಟ್ಟ ಆರಡಿ ನೆಲ. ಓಸ್ತಿ ಸುಡುವ ಕಬ್ಬಿಣದ ಅಚ್ಚು ಬಂದದ್ದು ಆ ಹಣದಿಂದ.

ಫಾಬ್ರಿಸಿಯೊ ಕಾಗದವನ್ನು ಲಿಮಾದ ಮುಖ್ಯ ಕಚೇರಿಗೆ ಕಳಿಸಿದ. ಎರಡು ತಿಂಗಳಾದ ಮೇಲೆ ಉತ್ತರ ಬಂತು. ಮಾರುವಾಗ ಸಮಾಧಿಯೊಳಗೆ ಯಾರೂ ಇರಲಿಲ್ಲ ಎಂಬುದಕ್ಕೆ ಪ್ರಮಾಣಪತ್ರ ಬೇಕಂತೆ.

"ನಾನೇ ಇಲ್ಲಿ ಕೂತಿದೀನಲ್ಲಪ್ಪ! ಒಳಗೆ ಇನ್ಯಾರಿರ್ತಾರೆ?"

"ನಂಗೆ ಗೊತ್ತಮ್ಮ. ಲಿಮಾಗೆ ಗೊತ್ತಾಗ್ಬೇಕಲ್ಲ."

ಮೆರಿದಾದ ಸ್ಮಶಾನದ ಗುಮಾಸ್ತನಿಗೆ ಬರೆದೆವು. ಐದು ತಿಂಗಳಿಗೆ ಕಾಗದ ಬಂತು: 'ಒತಿಲಿಯಾ ಎಂಬವರನ್ನು ಈ ಸ್ಮಶಾನದಲ್ಲಿ ಹೂಳಿರುವುದಿಲ್ಲ.' ಬ್ಯಾಂಕಿಗೆ ಬಹಳ ಸಮಾಧಾನವಾಯಿತು. ಅಷ್ಟರಲ್ಲಿ ಕರೆಂಟ್ ಬಿಲ್ಲು ಹಳಸಿತ್ತು.

ಕಾಗದ ಕೊಡಲು ಹೋದಾಗಲೆಲ್ಲ ಫಾಬ್ರಿಸಿಯೊ ದನಿ ತಗ್ಗಿಸಿ ಒಂದು ಮಾತು ಕೇಳುತ್ತಿದ್ದ. "ಬಿಷಪ್ಪರ ಕಚೇರಿ ದುಡ್ಡೆಲ್ಲ ಯಾವ ಬ್ಯಾಂಕಲ್ಲಿದೆ ಯಜಮಾನ್ರೇ? ಫಾದರ್ ಹತ್ರ ನಮ್ಮ ಬಗ್ಗೆ ಒಂದು ಮಾತು ಹಾಕಿ." ನಮ್ಮ ಖಾತೆ ತೆರೆಯಲಾಗದವನಿಗೆ ಬಿಷಪ್ಪರ ಖಾತೆಯ ಆಸೆ.

ಅಕ್ಕನ ಮರಣಪೂಜೆಯನ್ನು ಫಾದರ್ ಹಸಿಂತೊ ಅವರೇ ಮಾಡಿದರು. ನಮ್ಮ ಮನೆಯವರು ಅಂತ ನಾನೊಬ್ಬನೇ. ಸೆನೋಬಿಯಾ ಬಿಳಿ ಹೂ ತಂದಿದ್ದಳು. ಪೂಜೆ ಶುರುವಾಗುವ ಮುಂಚೆ ಇಬ್ಬರು ಆಳುಗಳು ಒಂದು ಪುಷ್ಪಚಕ್ರವನ್ನು ಹೊತ್ತು ತಂದರು. ಆಳೆತ್ತರ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ. ಶವಪೆಟ್ಟಿಗೆಯ ಪಕ್ಕದಲ್ಲಿ ಜಾಗವಿದ್ದರೂ ಅದನ್ನು ಬಲಿಪೀಠಕ್ಕೆ ನೇರ ಎದುರಾಗಿ, ಫಾದರ್ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಅಡ್ಡಲಾಗಿ ನೇರಳೆ ಪಟ್ಟಿ, ಬಂಗಾರದ ಅಕ್ಷರ, ಕೊನೆಯಲ್ಲಿ ಬ್ಯಾಂಕಿನ ಮುದ್ರೆ. ಹಿಂದಿನ ಸಾಲಿನಲ್ಲಿ ಫಾಬ್ರಿಸಿಯೊ ಕಪ್ಪು ಟೈ ಕಟ್ಟಿಕೊಂಡು ನಿಂತಿದ್ದ.

ಅಕ್ಕನನ್ನು ಮಣ್ಣಿಗಿಟ್ಟು ಬಂದ ಮೇಲೆ, ಹೂವೆಲ್ಲ ಬಾಡಿದ ಮೇಲೆ, ನಾನು ಆ ಪಟ್ಟಿಯನ್ನು ಬಿಚ್ಚಿ ಮಡಚಿಟ್ಟುಕೊಂಡೆ. ಸತ್ತವರಿಗಾಗಿ ಮಾಡುವ ಒಂಬತ್ತು ದಿನದ ಜಪಸರದ ಪ್ರಾರ್ಥನೆ ಮುಗಿಸಿ ಬ್ಯಾಂಕಿಗೆ ಹೋದೆ. ವಿಭೂತಿ ಬುಧವಾರಕ್ಕೆ ಎಂಟು ದಿನ ಉಳಿದಿತ್ತು.

ಫಾಬ್ರಿಸಿಯೊ ಮರಣಪತ್ರ ನೋಡಿ ತಲೆಯಾಡಿಸಿದ. "ಅರ್ಜಿ ಹಾಕಿದೋರು ಹೋದ್ರೆ ಅರ್ಜಿನೂ ಹೋದ ಹಾಗೇ ಯಜಮಾನ್ರೇ. ಈಗ ನಿಮ್ಮ ಹೆಸರಲ್ಲಿ ಮೊದಲಿಂದ ಶುರು ಮಾಡೋಣ."

"ಮೊದಲಿಂದ ಅಂದ್ರೆ?"

"ಮೊದಲಿಂದ. ಸಮಾಧಿಯಿಂದ."

"ಅವಳು ನಿಮ್ಮ ಗ್ರಾಹಕಳಾಗಿದ್ದು ಸತ್ತಿದ್ರೆ ಏನ್ಮಾಡ್ತಿದ್ರಿ?"

"ಆಗ ಸುಲಭ. ಸಹಿ ಮಾಡೋರನ್ನ ಬದಲಾಯಿಸೋದಷ್ಟೇ. ಅರ್ಧ ಗಂಟೆ ಕೆಲಸ. ಆದ್ರೆ ಪಾಪ, ಗ್ರಾಹಕರಾಗ್ಲಿಲ್ವಲ್ಲ."

ನಾನು ಪಟ್ಟಿಯನ್ನು ತೆಗೆದು ಮೇಜಿನ ಮೇಲೆ ಹರಡಿದೆ. ಅದು ಮೇಜು ದಾಟಿ ಅವನ ಮಡಿಲ ಮೇಲೆ ಬಿತ್ತು.

"ಓದಪ್ಪ."

ಅವನು ಓದಲಿಲ್ಲ. ನಾನೇ ಜೋರಾಗಿ ಓದಿದೆ. "'ನಮ್ಮ ಮಾನ್ಯ ಗ್ರಾಹಕರಾದ ಒತಿಲಿಯಾ ಅವರಿಗೆ ಅಂತಿಮ ನಮನ.' ಕೆಳಗೆ ನಿಮ್ಮದೇ ಮುದ್ರೆ."

"ಯಜಮಾನ್ರೇ, ಅದು ಹೂವಿನೋರು ಎಲ್ರಿಗೂ ಹಾಗೇ ಬರೀತಾರೆ..."

"ಹೆಸರು ಕೊಟ್ಟೋರು ನೀವು. ಕಾಸು ಕೊಟ್ಟೋರು ನೀವು. ಹದಿನಾಲ್ಕು ತಿಂಗಳು ಬರೆದದ್ದು ಬೇಕು, ಮುದ್ರೆ ಬೇಕು ಅಂದ್ರಲ್ಲ, ಎರಡೂ ಇದೆ. ಇದು ನಿಜ ಆದ್ರೆ ಅವಳು ಗ್ರಾಹಕಳು. ಸುಳ್ಳಾದ್ರೆ ಬ್ಯಾಂಕು ಹೆಣದ ಮುಂದೆ, ಪೀಠದ ಎದುರು ಸುಳ್ಳು ನಿಲ್ಲಿಸಿದ ಹಾಗಾಯ್ತು. ಸಂಜೆ ಫಾದರ್ ಹಸಿಂತೊ ಸಿಗ್ತಾರೆ. ಯಾವುದು ಅಂತ ಹೇಳ್ಲಿ?"

ಟೋಕನ್ ಹಿಡಿದು ಕೂತಿದ್ದ ಹೆಂಗಸೊಬ್ಬಳು, "ಬಿಡ್ಬೇಡಿ ತಾತ!" ಎಂದಳು.

ಫಾಬ್ರಿಸಿಯೊ ಬೆವರೊರೆಸಿಕೊಂಡು ಲಿಮಾಕ್ಕೆ ಫೋನ್ ಮಾಡಿದ. 'ಬಿಷಪ್' ಎಂಬ ಪದ ನಾಲ್ಕು ಸಲ ನನ್ನ ಕಿವಿಗೆ ಬಿತ್ತು. ಪಟ್ಟಿಯ ನಕಲು ಕಳಿಸಿ, ಹಿಂದೂ ಮುಂದೂ ಎಂದಿತು ಲಿಮಾ. ಅದು ಯಂತ್ರದ ಗಾಜಿನ ಮೇಲೆ ಹಿಡಿಯದೆ ಮೂರು ತುಂಡಾಗಿ ನಕಲು ತೆಗೆದರು. ಮೂರಕ್ಕೂ ಮುದ್ರೆ ಒತ್ತಿದರು. ಒಂದರಲ್ಲಿ ಬರೀ 'ಮಾನ್ಯ' ಇತ್ತು. ಅದಕ್ಕೂ ನನ್ನ ಸಹಿ ಹಾಕಿಸಿಕೊಂಡರು.

ಖಾತೆಯಾಯಿತು. ಅರ್ಧ ಗಂಟೆ ಎಂದಿದ್ದ, ನಲವತ್ತು ನಿಮಿಷ ಹಿಡಿಯಿತು.

ಹೊರಡುವಾಗ ಅವನು ಬಾಗಿಲವರೆಗೂ ಬಂದು ಕೈಹಿಡಿದುಕೊಂಡ. "ಫಾದರ್ ಹತ್ರ ಆ ಒಂದು ಮಾತು..." ಎಂದ.

"ಹೇಳ್ತೀನಪ್ಪ. ಹೂವು ಚೆನ್ನಾಗಿತ್ತು ಅಂತ."

ಅಕ್ಕ ನನಗೆ ಅಚ್ಚು ಮುಟ್ಟಲು ಬಿಡುತ್ತಿರಲಿಲ್ಲ. ಹಾಗಾಗಿ ಮೊದಲ ಮೂರು ಬಿಲ್ಲೆ ಕರಕಲಾದವು. ನಾಲ್ಕನೆಯದು ಬೆಳ್ಳಗೆ ಬಂತು. ವಿಭೂತಿ ಬುಧವಾರದ ಮುಂಜಾನೆ ಡಬ್ಬಗಳನ್ನು ಫಾದರ್ ಹಸಿಂತೊ ಅವರ ಮುಂದಿಟ್ಟೆ. ಅವರು ರಸೀದಿ ಪುಸ್ತಕ ಬಿಡಿಸಿ, ಹಣೆಯ ಬೂದಿ ಹಾಳೆಯ ಮೇಲೆ ಉದುರುತ್ತಿದ್ದರೂ ಲೆಕ್ಕಿಸದೆ ಅವಳ ಹೆಸರನ್ನು ಪೂರ್ತಿಯಾಗಿ ಬರೆದರು. ನೋಡಬೇಕಾದವಳು ಹದಿನೆಂಟು ದಿನದ ಹಿಂದೆ ಕಣ್ಣು ಮುಚ್ಚಿದ್ದಳು. ನಾನು ಹರಿಯಲಿಲ್ಲ. ಅಲ್ಲೇ ಮಂಡಿಯೂರಿದೆ.

ಕರುಣಾಳುವಾದ ಪ್ರಭುವೇ, ನನ್ನ ನಾಲಗೆಯ ಖಾರವನ್ನು ಮನ್ನಿಸು. ಒತಿಲಿಯಾ ನಲವತ್ತು ವರ್ಷ ನಿನ್ನ ಮೇಜಿಗೆ ರೊಟ್ಟಿ ಸುಟ್ಟಳು, ತನಗೆಂದು ಒಂದು ತುಂಡನ್ನೂ ಎತ್ತಿಡಲಿಲ್ಲ. ಅವಳನ್ನು ಅವಳ ಹೆಸರು ಹಿಡಿದೇ ಒಳಗೆ ಕರೆ. ಬೊಬ್ಬೆಯೆದ್ದ ಆ ಬೆರಳುಗಳನ್ನು ತಂಪು ಮಾಡು. ನಿನ್ನ ಸನ್ನಿಧಿಯಲ್ಲಿ ಅವಳಿಗೆ ಮುಗಿಯದ ವಿಶ್ರಾಂತಿಯನ್ನೂ ಆರದ ಬೆಳಕನ್ನೂ ಕೊಡು. ಆಮೆನ್.